ಮಗನಿಗಾಗಿ ಪುಸ್ತಕ ಬರೆದ ವೈದ್ಯ

ಪುಟ್ಟ ಮಗುವಿಗೊಂದು ಪುಸ್ತಕ ಕೊಳ್ಳಲು ಹೋಗಿ, ಯಾವುದೂ ಹಿಡಿಸದೆ ಹಿಂದಿರುಗಿದ ಅನುಭವ ನಿಮಗೂ ಇರಬಹುದು ಸಹೋದರಿಯರೇ. 1844ರ ಕ್ರಿಸ್ಮಸ್ ಹೊತ್ತಿಗೆ ಜರ್ಮನ್ ನಗರವಾದ ಫ್ರಾಂಕ್‌ಫರ್ಟ್‌ನ ವೈದ್ಯ ಹೈನ್ರಿಖ್ ಹಾಫ್‌ಮನ್‌ರಿಗೆ ಹಾಗೆಯೇ ಆಯಿತು. ಅಂಗಡಿಯಲ್ಲಿದ್ದುದೆಲ್ಲ ಉದ್ದುದ್ದ ಕಥೆಗಳು, ಒಣ ಉಪದೇಶಗಳು. ಮಗ ಕಾರ್ಲ್‌ಗೆ ಆಗ ಮೂರು ವರ್ಷ. ತಂದೆ ಒಂದು ಖಾಲಿ ನೋಟ್‌ಬುಕ್ ಕೊಂಡು ತಂದರು!

1809ರಲ್ಲಿ ಹುಟ್ಟಿದ ಹಾಫ್‌ಮನ್ ಹಸುಗೂಸಾಗಿದ್ದಾಗಲೇ ತಾಯಿ ತೀರಿಕೊಂಡರು. ತಾಯಿಯ ತಂಗಿಯೇ ಮಲತಾಯಿಯಾಗಿ ಬಂದು ಅಕ್ಕರೆಯಿಂದ ಸಾಕಿದರು. ವೈದ್ಯರಾದ ಮೇಲೆ ಬಡವರ ಚಿಕಿತ್ಸಾಲಯದಲ್ಲಿ ದುಡಿದರು.

ಡಾಕ್ಟರನ್ನು ಕಂಡರೆ ಮಕ್ಕಳು ಅಳುವುದು ಎಲ್ಲೂ ಇದ್ದದ್ದೇ. ಕೈ ಹಿಡಿಯಲು ಬಿಡದೆ ಮಗು ರಚ್ಚೆ ಹಿಡಿದರೆ ನಾಡಿ ನೋಡುವುದಾದರೂ ಹೇಗೆ? ಇವರು ಕಿಸೆಯಿಂದ ಪೆನ್ಸಿಲ್, ಕಾಗದ ತೆಗೆದು ಒಬ್ಬ ಹುಡುಗನನ್ನು ಬರೆಯುತ್ತಿದ್ದರು. ಅವನು ಕೂದಲು ಬಾಚುವುದಿಲ್ಲ, ಉಗುರು ಕತ್ತರಿಸುವುದಿಲ್ಲ. ಎರಡೂ ಬೆಳೆದವು, ಇನ್ನೂ ಬೆಳೆದವು... ಮಗು ಅಳು ಮರೆತು ನೋಡುತ್ತಿತ್ತು, ಅಷ್ಟರಲ್ಲಿ ವೈದ್ಯರ ಕೆಲಸ ಮುಗಿಯುತ್ತಿತ್ತು. ಆ ಹುಡುಗನೇ ನೋಟ್‌ಬುಕ್ಕಿಗೂ ಬಂದ.

ಸ್ನೇಹಿತರ ಒತ್ತಾಯದಿಂದ 1845ರಲ್ಲಿ ಅದು ಅಚ್ಚಾಯಿತು. 1500 ಪ್ರತಿಗಳು ಕೆಲವೇ ವಾರಗಳಲ್ಲಿ ಖರ್ಚಾದವು. ಮುಂದಿನ ಮುದ್ರಣಗಳಲ್ಲಿ ಆ ಕೆದರಿದ ತಲೆಯ ಹುಡುಗನ ಹೆಸರೇ ಪುಸ್ತಕದ ಹೆಸರಾಯಿತು: ‘ಸ್ಟ್ರುವೆಲ್‌ಪೇಟರ್’.

ಕಥೆಗಳು ಮಾತ್ರ ಮೃದುವಲ್ಲ. ಸೂಪು ಬೇಡವೆಂದ ಹುಡುಗ ಐದೇ ದಿನಗಳಲ್ಲಿ ಸತ್ತುಹೋಗುತ್ತಾನೆ. ಬೆರಳು ಚೀಪುವವನ ಹೆಬ್ಬೆರಳನ್ನು ದರ್ಜಿ ಕತ್ತರಿಸುತ್ತಾನೆ. ನನ್ನನ್ನು ಕೇಳಿದರೆ, ಇದನ್ನು ರಾತ್ರಿ ಮಲಗುವ ಮಗುವಿಗೆ ಹೇಳಲಾರೆ. ಕಪ್ಪು ಹುಡುಗನನ್ನು ಹೀಯಾಳಿಸಿದ ಮೂವರನ್ನು ಶಾಯಿಯಲ್ಲಿ ಅದ್ದುವ ಕಥೆಯೂ ಇದೆ. ಬಣ್ಣದ ಹೆಸರಲ್ಲಿ ಹಂಗಿಸಬಾರದೆಂಬ ಉದ್ದೇಶವೇನೋ ಸರಿ. ಆದರೆ ಕಪ್ಪಾಗುವುದನ್ನೇ ಶಿಕ್ಷೆ ಮಾಡಿದರೆ ಆ ಹುಡುಗನಿಗೆ ಸಿಕ್ಕಿದ ನ್ಯಾಯವೇನು?

ಹೀಗೆ ಹೆದರಿಸಿ ಬರೆದವರೇ 1851ರಲ್ಲಿ ನಗರದ ಮಾನಸಿಕ ರೋಗಿಗಳ ಆಸ್ಪತ್ರೆಯ ಹೊಣೆ ಹೊತ್ತರು. ಇಕ್ಕಟ್ಟಾದ ಹಳೆಯ ಕಟ್ಟಡ ಸಾಲದೆಂದು ಪಟ್ಟು ಹಿಡಿದು, ಊರ ಹೊರಗೆ ತೋಟಗಳ ನಡುವೆ ಹೊಸ ಆಸ್ಪತ್ರೆ ಕಟ್ಟಿಸಿದರು. 1864ರಲ್ಲಿ ಅದು ತೆರೆಯಿತು. 1888ರವರೆಗೂ ಅವರು ಅಲ್ಲಿಯೇ ದುಡಿದು, 1894ರಲ್ಲಿ ತೀರಿಕೊಂಡರು. ಆ ಆಸ್ಪತ್ರೆ ಇದ್ದ ನೆಲದಲ್ಲಿ ಈಗ ವಿಶ್ವವಿದ್ಯಾಲಯದ ತರಗತಿಗಳು ನಡೆಯುತ್ತಿವೆ.