ಸೆರೆಮನೆಯ ಬಾಗಿಲು ತೆರೆದವರು

ಮಧ್ಯ ಅಮೆರಿಕದ ನಿಕರಾಗುವಾ ದೇಶದಲ್ಲಿ, 1974ರ ಡಿಸೆಂಬರ್ ತಿಂಗಳ ಒಂದು ರಾತ್ರಿ, ರಾಜಧಾನಿ ಮನಾಗುವಾದ ಧನಿಕರೊಬ್ಬರ ಮನೆಯಲ್ಲಿ ಔತಣವು ನಡೆದಿರಲು, ಸ್ಯಾಂಡಿನಿಸ್ಟಾ ಗೆರಿಲ್ಲಾ ಪಡೆಯ ಕೆಲವರು ಒಳನುಗ್ಗಿ, ಅತಿಥಿಗಳನ್ನು ಒತ್ತೆಯಿರಿಸಿಕೊಂಡು, ಸರ್ವಾಧಿಕಾರಿ ಸೊಮೋಸಾನ ಸೆರೆಯಲ್ಲಿದ್ದ ತಮ್ಮ ಸಂಗಾತಿಗಳನ್ನು ಬಿಡಿಸಿಕೊಂಡರು. ಬಿಡುಗಡೆ ಹೊಂದಿದವರಲ್ಲಿ ಏಳು ವರ್ಷ ಕಾರಾಗೃಹವಾಸವನ್ನು ಅನುಭವಿಸಿದ್ದ ಡೇನಿಯಲ್ ಒರ್ಟೆಗಾ ಇದ್ದನು. ಪ್ರಾಣವನ್ನು ಪಣವಾಗಿಟ್ಟು ಬಿಡಿಸಿದವರಲ್ಲಿ ಉಗೊ ಟೊರೆಸ್ ಇದ್ದನು. ಇವರಿಬ್ಬರ ಹೆಸರನ್ನು ಓದುಗರು ಮರೆಯದಿರಬೇಕೆಂದು ನನ್ನ ಬಿನ್ನಹ.

ಅಮೆರಿಕದ ಸೇನೆಗೆ ಇದಿರಾಗಿ ಬೆಟ್ಟಗಾಡಿನಲ್ಲಿ ಕಾದಿದ ಸ್ಯಾಂಡಿನೊನನ್ನು, ಆತನು ಅಧ್ಯಕ್ಷರೊಡನೆ ಊಟ ಮುಗಿಸಿ ಹೊರಬಂದ ರಾತ್ರಿಯೇ ಕೊಲ್ಲಿಸಿದವನು ಮೊದಲನೆಯ ಸೊಮೋಸಾ. ಅದು 1934ರ ಮಾತು. ಆಮೇಲೆ ತಂದೆಯೂ ಇಬ್ಬರು ಮಕ್ಕಳೂ ನಾಲ್ಕು ದಶಕಗಳ ಕಾಲ ದೇಶವನ್ನು ಮನೆಯ ಆಸ್ತಿಯಂತೆ ಅನುಭವಿಸಿದರು. 1961ರಲ್ಲಿ ಹುಟ್ಟಿದ, ಸ್ಯಾಂಡಿನೊನ ಹೆಸರನ್ನು ಹೊತ್ತ ಸ್ಯಾಂಡಿನಿಸ್ಟಾ ರಂಗವು ಹದಿನೈದು ವರ್ಷ ಕಾಡಿನಲ್ಲಿ ಸೋಲನ್ನೇ ಹೆಚ್ಚಾಗಿ ಕಂಡಿತು. ಅದರ ಸಂಸ್ಥಾಪಕರಲ್ಲಿ ಪ್ರಮುಖನಾದ ಕಾರ್ಲೊಸ್ ಫೊನ್ಸೆಕಾ 1976ರಲ್ಲಿ ಗುಂಡಿಗೆ ಬಲಿಯಾದನು. ಬಂದೂಕೊಂದೇ ಆ ಪ್ರಭುತ್ವವನ್ನು ಉರುಳಿಸಿತೆಂದು ನಾನು ಒಪ್ಪಲಾರೆ. 1972ರ ಭೂಕಂಪದಲ್ಲಿ ಮನಾಗುವಾ ನೆಲಸಮವಾದಾಗ, ಸಂತ್ರಸ್ತರಿಗೆ ಪರದೇಶಗಳಿಂದ ಬಂದ ನೆರವನ್ನು ಸೊಮೋಸಾನ ಪರಿವಾರವು ನುಂಗಿತು. 1978ರ ಜನವರಿಯಲ್ಲಿ ನಿರ್ಭೀತ ಪತ್ರಿಕಾ ಸಂಪಾದಕ ಪೆಡ್ರೊ ಹೊವಾಕಿನ್ ಚಮೊರೊ ನಡುಬೀದಿಯಲ್ಲಿ ಹತನಾದನು. ಆಗ ವರ್ತಕರು ಅಂಗಡಿ ಮುಚ್ಚಿದರು, ಪಾದ್ರಿಗಳು ದನಿಯೆತ್ತಿದರು, ನಗರದ ಕೇರಿಕೇರಿಗಳಲ್ಲಿ ಬಾಲಕರು ಅಡ್ಡಗಟ್ಟೆ ಕಟ್ಟಿದರು. ತನ್ನ ನಗರಗಳ ಮೇಲೆ ತಾನೇ ಬಾಂಬು ಸುರಿಸಿದ ಸೊಮೋಸಾ 1979ರ ಜುಲೈ 17ರಂದು ಮಯಾಮಿಗೆ ಪಲಾಯನ ಮಾಡಿದನು. ಎರಡು ದಿನಗಳ ತರುವಾಯ ಗೆರಿಲ್ಲಾಗಳು ಮನಾಗುವಾವನ್ನು ಪ್ರವೇಶಿಸಿದರು.

ಮರುವರ್ಷ ಸುಮಾರು 60,000 ತರುಣ ತರುಣಿಯರು ಐದು ತಿಂಗಳ ಕಾಲ ಹಳ್ಳಿಗಳಲ್ಲಿ ನೆಲಸಿ, ಹಗಲು ರೈತರೊಡನೆ ದುಡಿದು, ಇರುಳು ದೀಪದ ಬೆಳಕಿನಲ್ಲಿ ಅವರಿಗೆ ಅಕ್ಷರ ತಿದ್ದಿಸಿದರು. ಈ ಒಂದು ಕಾರ್ಯಕ್ಕಾಗಿ ಆ ಕ್ರಾಂತಿಯನ್ನು ನಾನು ಇಂದಿಗೂ ಗೌರವಿಸುತ್ತೇನೆ. ಬಹುಬೇಗ ಅಮೆರಿಕದ ಹಣದಿಂದ ಕ್ರಾಂತಿವಿರೋಧಿಗಳಾದ ‘ಕಾಂಟ್ರಾ’ಗಳ ಯುದ್ಧವು ಹೊತ್ತಿತು; 1984ರಲ್ಲಿ ಬಂದರುಗಳಲ್ಲಿ ಸಿಡಿಮದ್ದು ಹುದುಗಿಸಿದ್ದು ನ್ಯಾಯಬಾಹಿರವೆಂದು 1986ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ತೀರ್ಪಿತ್ತರೂ ಯುದ್ಧವು ನಿಲ್ಲಲಿಲ್ಲ. ಬಸವಳಿದ ಜನರು 1990ರ ಚುನಾವಣೆಯಲ್ಲಿ ಹತಸಂಪಾದಕನ ಪತ್ನಿ ವಿಯೊಲೆಟಾ ಚಮೊರೊ ಅವರನ್ನು ಆರಿಸಿದರು. ಅಷ್ಟರಲ್ಲಿ ಅಧ್ಯಕ್ಷನಾಗಿದ್ದ ಒರ್ಟೆಗಾ ಅಧಿಕಾರವನ್ನು ಬಿಟ್ಟುಕೊಟ್ಟನು. ಆದರೆ ಅಧಿಕಾರದಿಂದ ಇಳಿಯುವ ಮುನ್ನ ನಾಯಕರನೇಕರು ಸರ್ಕಾರದ ಮನೆಗಳನ್ನೂ ಭೂಮಿಯನ್ನೂ ತಮ್ಮ ಹೆಸರಿಗೆ ಬರೆಯಿಸಿಕೊಂಡರು. ಜನರು ಅದನ್ನು ‘ಪಿನ್ಯಾಟಾ’ ಎಂದು ಕರೆದರು. ನಮ್ಮ ಮೊಸರುಕುಡಿಕೆಯಂತೆ ಎತ್ತರದಲ್ಲಿ ಕಟ್ಟಿದುದನ್ನು ಒಡೆದು, ಉದುರಿದ ಮಿಠಾಯಿಯನ್ನು ಬಾಚಿಕೊಳ್ಳುವ ಮಕ್ಕಳ ಆಟದ ಹೆಸರದು. ಕ್ರಾಂತಿಯು ಒಳಗಿನಿಂದ ಕೆಟ್ಟದ್ದು ಅಲ್ಲಿಯೇ ಎಂದು ನನಗೆ ತೋರುತ್ತದೆ.

2007ರಲ್ಲಿ ಒರ್ಟೆಗಾ ಮರಳಿ ಅಧ್ಯಕ್ಷನಾದನು. ಅಂದಿನಿಂದ ಪೀಠವನ್ನು ಬಿಟ್ಟಿಲ್ಲ. 2018ರಲ್ಲಿ ಪ್ರತಿಭಟಿಸಿದವರಲ್ಲಿ ಮುನ್ನೂರಕ್ಕೂ ಮಿಕ್ಕಿ ಜನರು ಪ್ರಾಣ ಕಳೆದುಕೊಂಡರು. 2021ರ ಜೂನ್‌ನಲ್ಲಿ ಆತನ ಪೊಲೀಸರು ಬಂಧಿಸಿದ ವಿರೋಧಿಗಳಲ್ಲಿ ನಿವೃತ್ತ ಜನರಲ್ ಉಗೊ ಟೊರೆಸ್ ಒಬ್ಬನು. ಮರುವರ್ಷ ಫೆಬ್ರವರಿಯಲ್ಲಿ, 73ರ ವಯಸ್ಸಿನಲ್ಲಿ, ಬಂಧನದಲ್ಲಿರುವಾಗಲೇ ಆತನು ತೀರಿಕೊಂಡನು. 1978ರಲ್ಲಿ ಅವನೊಡನೆ ರಾಷ್ಟ್ರೀಯ ಅರಮನೆಯನ್ನು ವಶಪಡಿಸಿಕೊಂಡಿದ್ದ, ಆಗ ಇಪ್ಪತ್ತೆರಡರ ಹರೆಯದ ಡೋರಾ ಮರಿಯಾ ಟೆಲೆಸ್ ಸಹ ಆ ಜೂನ್ ತಿಂಗಳಲ್ಲೇ ಸೆರೆಯಾಗಿ, ಏಕಾಂತಬಂಧನದಲ್ಲಿ ಆರುನೂರು ದಿನಗಳಿಗೂ ಹೆಚ್ಚು ಕಾಲ ಕಳೆದಿದ್ದಳು. 2023ರ ಫೆಬ್ರವರಿ 9ರಂದು ಆಕೆಯೂ ಸೇರಿ 222 ಮಂದಿ ಬಂಧಿಗಳನ್ನು ವಿಮಾನದಲ್ಲಿ ಕುಳ್ಳಿರಿಸಿ ವಾಷಿಂಗ್ಟನ್ನಿಗೆ ಅಟ್ಟಿ, ದೇಶದ್ರೋಹಿಗಳೆಂದು ಸಾರಿ, ಅವರ ಪೌರತ್ವವನ್ನು ಕಸಿದುಕೊಳ್ಳಲಾಯಿತು.