ಫ್ಯಾನಿನ ವಿಮಾನ ಹಳೆಯದೇ?

ಕೆಲವರಿಗೆ ಅಂಚೆಚೀಟಿ ಕೂಡಿಸುವ ಹುಚ್ಚು, ಕೆಲವರಿಗೆ ಹಕ್ಕಿ ನೋಡುವ ಹುಚ್ಚು. ನನ್ನದು ವಿಮಾನ ನೋಡುವ ಹುಚ್ಚು. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲೇ ಮಂಡಕಳ್ಳಿಯ ವಿಮಾನ ನಿಲ್ದಾಣವಿದೆಯಷ್ಟೆ. ಬಿಡುವು ದೊರೆತ ದಿನ ಸೈಕಲ್ ಹತ್ತಿ ಅತ್ತ ಹೋಗುವುದು, ರಸ್ತೆಬದಿಯ ನೆರಳಿನಲ್ಲಿ ನಿಲ್ಲುವುದು, ಬಂದ ವಿಮಾನ ಯಾವ ಜಾತಿಯದು, ಅದರ ಮೈಮೇಲೆ ‘ವಿ.ಟಿ.’ ಎಂದು ಮೊದಲಾಗುವ ಗುರುತಿನ ಅಕ್ಷರಗಳು ಯಾವುವು, ಬಂದ ಹೊತ್ತು ಯಾವುದು ಎಂದು ಪುಸ್ತಕದಲ್ಲಿ ಬರೆದುಕೊಳ್ಳುವುದು, ಇದು ನನ್ನ ರೂಢಿ. ಮಿತ್ರರು ನಗುತ್ತಾರೆ. “ಬೆಂಗಳೂರಿಗೆ ಹೋಗಿ ಜೆಟ್ ನೋಡಯ್ಯ. ಇಲ್ಲಿಗೆ ಬರೋ ಫ್ಯಾನಿನ ವಿಮಾನದಲ್ಲಿ ನೋಡೋದೇನಿದೆ?” ಎನ್ನುತ್ತಾರೆ.

ಫ್ಯಾನಿನ ವಿಮಾನವೆಂದರೆ ಹಳೆಯ ಕಾಲದ್ದು, ಅಪಾಯದ್ದು, ಸಣ್ಣ ಊರಿನವರ ಪಾಲಿಗೆ ಎಸೆದದ್ದು ಎಂಬ ಭಾವನೆ ನನ್ನ ಮಿತ್ರರದು ಮಾತ್ರವಲ್ಲ. ಒಮ್ಮೆ ನನ್ನ ಸೋದರಮಾವನನ್ನು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಚೆನ್ನೈಗೆ ಕರೆದುಕೊಂಡು ಹೋಗಬೇಕಾಗಿ ಬಂದಿತು. ವೈದ್ಯರು ಗೊತ್ತುಮಾಡಿದ್ದ ದಿನ ತಪ್ಪಿದರೆ ಮತ್ತೆ ಎರಡು ತಿಂಗಳು ಕಾಯಬೇಕು. ಮಂಡಕಳ್ಳಿಯಲ್ಲಿ ವಿಮಾನದ ಬಳಿಗೆ ನಡೆದು ಹೋಗುತ್ತಿದ್ದಾಗ ಮಾವ ತಟ್ಟನೆ ನಿಂತುಬಿಟ್ಟರು. “ಏನೋ ಇದು, ಎಂಜಿನ್ ಸದ್ದು ಕೇಳ್ತಾ ಇದೆ, ಫ್ಯಾನೇ ತಿರುಗ್ತಿಲ್ವಲ್ಲೋ! ಕೆಟ್ಟುಹೋಗಿದೆ. ನಾನು ರೈಲಿಗೆ ಹೋಗ್ತೀನಿ, ಬಿಡು” ಎಂದು ಹಿಂದಕ್ಕೆ ತಿರುಗಿದರು. ನನ್ನ ಹುಚ್ಚು ಆ ದಿನ ಉಪಯೋಗಕ್ಕೆ ಬಂದಿತು. ಅವರಿಗೆ ಅಂದು ಅವಸರದಲ್ಲಿ ಹೇಳಿದ್ದನ್ನೇ ಇಲ್ಲಿ ಸಾವಧಾನವಾಗಿ ಹೇಳುತ್ತೇನೆ.

ಆ ವಿಮಾನ ಎ.ಟಿ.ಆರ್. 72. ಫ್ರಾನ್ಸ್ ಮತ್ತು ಇಟಲಿ ದೇಶಗಳು ಕೂಡಿ 1981ರಲ್ಲಿ ಆರಂಭಿಸಿದ ಕಾರ್ಖಾನೆಯದು. ಇದರ ಬಲಗಡೆಯ ಎಂಜಿನ್ನಿನ ಪ್ರೊಪೆಲರಿಗೆ ಒಂದು ಬ್ರೇಕನ್ನು ಅಳವಡಿಸಿರುತ್ತಾರೆ. ವಿಮಾನ ನೆಲದ ಮೇಲೆ ನಿಂತಿರುವಾಗ ಆ ಬ್ರೇಕ್ ಹಾಕಿ, ಪ್ರೊಪೆಲರನ್ನು ತಡೆದು, ಎಂಜಿನ್ನನ್ನು ಮಾತ್ರ ಓಡಿಸಬಹುದು. ಒಳಗಿನ ದೀಪಕ್ಕೂ ತಂಪುಗಾಳಿಗೂ ಬೇಕಾದ ಶಕ್ತಿ ಅದರಿಂದ ದೊರೆಯುತ್ತದೆ. ಈ ಕೆಲಸಕ್ಕೆಂದೇ ದೊಡ್ಡ ಜೆಟ್ ವಿಮಾನಗಳ ಬಾಲದಲ್ಲಿ ಬೇರೊಂದು ಸಣ್ಣ ಎಂಜಿನ್ ಇರುತ್ತದೆ. ಎ.ಟಿ.ಆರ್. ಆ ಭಾರವನ್ನು ಹೊರುವುದಿಲ್ಲ. ಮಾವ ಕಂಡದ್ದು ಕೆಟ್ಟುಹೋದ ಎಂಜಿನ್ನಲ್ಲ, ಮಿತವ್ಯಯದ ಏರ್ಪಾಡು.

ಎಂಜಿನ್ ಓಡುತ್ತಿದ್ದರೂ ಪ್ರೊಪೆಲರ್ ನಿಂತಿರಬಲ್ಲದು ಎಂಬುದರಲ್ಲೇ ಈ ವಿಮಾನದ ಗುಟ್ಟು ಅಡಗಿದೆ. ಹಿಂದಿನ ಡಕೋಟಾ ವಿಮಾನದಲ್ಲಿ ಇದು ಸಾಧ್ಯವಿರಲಿಲ್ಲ. 1935ರಲ್ಲಿ ಮೊದಲು ಹಾರಿದ ಡಕೋಟಾದ ಎಂಜಿನ್ ಮೋಟಾರು ಕಾರಿನ ಎಂಜಿನ್ನಿನ ಬಂಧು. ಸಿಲಿಂಡರು, ಪಿಸ್ಟನ್ನು ಎಲ್ಲ ಅದರಲ್ಲುಂಟು. ಎ.ಟಿ.ಆರ್.ನಲ್ಲಿರುವುದಾದರೋ ಜೆಟ್ ವಿಮಾನದ ಒಡಲಿನಲ್ಲಿರುವಂಥದೇ ಟರ್ಬೈನು. ಗಾಳಿಯನ್ನು ಒತ್ತಿ, ಇಂಧನ ಬೆರೆಸಿ ಉರಿಸಿದಾಗ ಹೊಮ್ಮುವ ಬಿಸಿ ಅನಿಲ ಟರ್ಬೈನಿನ ಚಕ್ರಗಳನ್ನು ತಿರುಗಿಸುತ್ತದೆ. ಅವುಗಳಲ್ಲಿ ಪ್ರೊಪೆಲರಿನ ಪಾಲಿನ ಚಕ್ರವೇ ಬೇರೆ. ಅದು ನಿಮಿಷಕ್ಕೆ ಸುಮಾರು 20,000 ಸುತ್ತು ತಿರುಗಿದರೆ, ನಡುವಣ ಗೇರುಗಳು ಆ ವೇಗವನ್ನು 1,200 ಸುತ್ತಿಗೆ ಇಳಿಸಿ ಪ್ರೊಪೆಲರಿಗೆ ಒಪ್ಪಿಸುತ್ತವೆ. ಇದಕ್ಕೆ ಟರ್ಬೊಪ್ರಾಪ್ ಎಂದು ಹೆಸರು. ಹೊರಗಿನ ರೂಪ ಡಕೋಟಾದ್ದು, ಒಳಗಿನ ಜೀವ ಜೆಟ್ಟಿನದು.

ಹಾಗಾದರೆ ಈ ಫ್ಯಾನಿನ ತೊಡಕೇಕೆ, ಅನಿಲವನ್ನೇ ನೇರವಾಗಿ ಹಿಂದಕ್ಕೆ ಚಿಮ್ಮಿ ಮುಂದೆ ಹೋಗಬಾರದೇ ಎಂದು ಕೇಳಬಹುದು. ಕಪಿಲಾ ನದಿಯಲ್ಲಿ ದೋಣಿ ನಡೆಸುವವನನ್ನು ನೋಡಿ. ಅವನು ಅಗಲವಾದ ಹುಟ್ಟಿನಿಂದ ಹೆಚ್ಚು ನೀರನ್ನು ಮೆಲ್ಲಗೆ ನೂಕುತ್ತಾನೆ. ಸಣ್ಣ ಕೋಲಿನಿಂದ ರಭಸವಾಗಿ ಬಡಿದರೆ ನೀರು ಸಿಡಿಯುತ್ತದೆ, ದೋಣಿ ಸಾಗುವುದಿಲ್ಲ. ಗಾಳಿಯಲ್ಲೂ ಇದೇ ನ್ಯಾಯ. ಎರಡರಷ್ಟು ಗಾಳಿಯನ್ನು ಅರ್ಧ ವೇಗದಿಂದ ನೂಕಿದರೆ ವಿಮಾನಕ್ಕೆ ದೊರೆಯುವ ಬಲ ಅಷ್ಟೇ, ಆದರೆ ಗಾಳಿಯ ಪಾಲಾಗಿ ಹೋಗುವ ಶಕ್ತಿ ಅರ್ಧ. ಕಲಾ ವಿಭಾಗದವನಾದ ನನಗೆ ಈ ಲೆಕ್ಕ ತಿಳಿಯಲು ಒಂದು ಸಂಜೆಯೇ ಹಿಡಿಯಿತು. ತಿಳಿದ ಮೇಲೆ ಮಾತ್ರ ಫ್ಯಾನಿನ ಮೇಲೆ ಗೌರವ ಹುಟ್ಟಿತು. ಇನ್ನೊಂದು ಸಂಗತಿ: ನಾವು ‘ಜೆಟ್’ ಎಂದು ಕರೆಯುವ ಇಂದಿನ ದೊಡ್ಡ ವಿಮಾನಗಳ ಎಂಜಿನ್ನಿನ ಬಾಯಲ್ಲಿಯೂ ಇರುವುದು ಫ್ಯಾನೇ. ಅವುಗಳ ನೂಕುಬಲದ ಬಹುಭಾಗ ಬರುವುದೂ ಅದರಿಂದಲೇ. ಅದನ್ನು ಬಳೆಯೊಳಗೆ ಮರೆಮಾಡಿದ್ದಾರೆ, ನಮ್ಮದನ್ನು ಬಯಲಿಗೆ ಬಿಟ್ಟಿದ್ದಾರೆ.

ಬಯಲಿನ ಫ್ಯಾನಿಗೆ ಒಂದು ಮಿತಿಯುಂಟು. ವಿಮಾನದ ವೇಗ ಹೆಚ್ಚಿದಂತೆ ಅಲಗುಗಳ ತುದಿ ಶಬ್ದದ ವೇಗವನ್ನು ಸಮೀಪಿಸಿ ಕೆಲಸ ಕೆಡುತ್ತದೆ. ಆದಕಾರಣ ಎ.ಟಿ.ಆರ್. ಗಂಟೆಗೆ ಸುಮಾರು 510 ಕಿ.ಮೀ. ಹೋದರೆ ಜೆಟ್ 830 ಕಿ.ಮೀ. ಹೋಗುತ್ತದೆ. ಇದೇನು ಕಡಿಮೆ ಅಂತರವೇ? ಲೆಕ್ಕ ಹಾಕಿ ನೋಡೋಣ. ಮೈಸೂರಿನಿಂದ ಚೆನ್ನೈಗೆ ಆಕಾಶಮಾರ್ಗದಲ್ಲಿ ಸುಮಾರು 390 ಕಿ.ಮೀ. ಎ.ಟಿ.ಆರ್.ಗೆ 46 ನಿಮಿಷ, ಜೆಟ್ಟಿಗೆ 28 ನಿಮಿಷ. ಉಳಿಯುವುದು ಬರಿಯ 18 ನಿಮಿಷ. ಅದೂ ಕಾಗದದ ಮೇಲೆ ಮಾತ್ರ. ಏರುವುದು, ಇಳಿಯುವುದು, ಸರದಿ ಕಾಯುವುದು ಇಬ್ಬರಿಗೂ ಉಂಟು. ಇಷ್ಟು ಸಣ್ಣ ದಾರಿಯಲ್ಲಿ ಜೆಟ್ ಎತ್ತರಕ್ಕೆ ಏರಿ ತನ್ನ ವೇಗ ತೋರಿಸುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಬೆಂಗಳೂರಿನಿಂದ ದೆಹಲಿಗಾದರೆ ಮಾತು ಬೇರೆ. ಆ 1,740 ಕಿ.ಮೀ. ದಾರಿಯಲ್ಲಿ ಇದೇ ಲೆಕ್ಕದಂತೆ ಎ.ಟಿ.ಆರ್. 1 ಗಂಟೆ 19 ನಿಮಿಷ ಹಿಂದೆ ಬೀಳುತ್ತದೆ. ಅಲ್ಲಿ ಜೆಟ್ಟೇ ಸರಿ.

ಇನ್ನು ಇವುಗಳನ್ನು ದೂರದಿಂದ ಗುರುತಿಸುವ ಬಗೆ. ಮೊದಲು ರೆಕ್ಕೆಯನ್ನು ನೋಡಬೇಕು, ಬಳಿಕ ಎಂಜಿನ್ನನ್ನು, ಕೊನೆಗೆ ಗಾಲಿಯನ್ನು. ಎ.ಟಿ.ಆರ್. 72ರ ರೆಕ್ಕೆ ಮೈಯ ಮೇಲ್ಗಡೆ ಇದೆ. ಕಿಟಕಿಯ ಬಳಿ ಕುಳಿತವನಿಗೆ ನೆಲದ ನೋಟಕ್ಕೆ ರೆಕ್ಕೆ ಅಡ್ಡ ಬರುವುದಿಲ್ಲ. ಗಾಲಿಗಳು ಹೊಟ್ಟೆಯ ಬದಿಯ ಉಬ್ಬಿನೊಳಗೆ ಮಡಿಚಿಕೊಳ್ಳುತ್ತವೆ. ಹೀಗಾಗಿ ಅದು ನೆಲಕ್ಕೆ ಹತ್ತಿರ ನಿಲ್ಲುತ್ತದೆ. ಪ್ರಯಾಣಿಕರು ಹತ್ತುವ ಬಾಗಿಲು ಹಿಂದೆ, ಸಾಮಾನಿನ ಬಾಗಿಲು ಮುಂದೆ. ಇದಕ್ಕೆ ಪ್ರತಿಸ್ಪರ್ಧಿ ಕೆನಡಾದ ಕ್ಯು 400. ಮೈಸೂರಿಗೆ 2013ರಲ್ಲಿ ಅದೂ ಬರುತ್ತಿತ್ತು. ಅದಕ್ಕೂ ಮೇಲೆಯೇ ರೆಕ್ಕೆ, ಆರು ಅಲಗಿನ ಪ್ರೊಪೆಲರ್. ಎ.ಟಿ.ಆರ್.ನ ಉದ್ದ 27 ಮೀಟರಾದರೆ ಇದರದು ಸುಮಾರು 33 ಮೀಟರು. ಗಾಲಿಗಳು ಎಂಜಿನ್ನಿನ ಗೂಡಿನಿಂದಲೇ ಇಳಿಬಿದ್ದಿರುವುದರಿಂದ ಕೊಕ್ಕರೆಯ ಹಾಗೆ ಉದ್ದ ಕಾಲು. ವೇಗ ಗಂಟೆಗೆ 660 ಕಿ.ಮೀ. ದಾಟುತ್ತದೆ. ಎಂಜಿನ್ನಿನ ಬಲ ಎ.ಟಿ.ಆರ್.ನದರ ಸುಮಾರು ಎರಡರಷ್ಟು. ಆ ಬಲಕ್ಕೆ ತಕ್ಕ ಇಂಧನವನ್ನೂ ಅದು ಕೇಳುತ್ತದೆ. ಹೊಸ ಕ್ಯು 400ಗಳ ತಯಾರಿಕೆ 2021ರಲ್ಲಿ ನಿಂತಿತು. ಮೂರನೆಯದು ಬ್ರೆಜಿಲಿನ ಎಂಬ್ರೇಯರ್ 145. ಅದು ಜೆಟ್. ರೆಕ್ಕೆ ಕೆಳಗೆ, ಎರಡು ಎಂಜಿನ್ನು ಬಾಲದ ಬಳಿ, ಮೈ ಪೆನ್ಸಿಲಿನಂತೆ ಸಪೂರ, ಆಸನಗಳು 50. 2019ರ ಜನವರಿಯಲ್ಲಿ ಸ್ಟಾರ್ ಏರ್ ಸಂಸ್ಥೆ ಬೆಂಗಳೂರು–ಹುಬ್ಬಳ್ಳಿ ಮಾರ್ಗವನ್ನು ಆರಂಭಿಸಿದ್ದು ಇದರಿಂದಲೇ.

ಈ ಹವ್ಯಾಸಕ್ಕೆ ಇಳಿಯುವವರಿಗೆ ಒಂದು ಎಚ್ಚರಿಕೆಯ ಮಾತು. ಸಾರ್ವಜನಿಕ ರಸ್ತೆಯಲ್ಲಿ ನಿಂತು ನೋಡಬೇಕು. ವಾಯುಪಡೆಯ ನೆಲೆಗಳ ಬಳಿ ಕ್ಯಾಮರಾ ತೆಗೆಯಕೂಡದು. 2001ರಲ್ಲಿ ಗ್ರೀಸ್ ದೇಶದಲ್ಲಿ ಬ್ರಿಟನ್ನಿನ 12 ಮಂದಿಯನ್ನೂ ಹಾಲೆಂಡಿನ ಇಬ್ಬರನ್ನೂ ಗೂಢಚಾರರೆಂದು ಬಂಧಿಸಿದ್ದರು. ಅವರು ಮಾಡಿದ್ದು ವಿಮಾನಗಳ ಅಂಕೆಗಳನ್ನು ಬರೆದುಕೊಂಡದ್ದು. ಶಿಕ್ಷೆಯೂ ಆಗಿ, ಮರುವರ್ಷ ಮೇಲಿನ ನ್ಯಾಯಾಲಯದಲ್ಲಿ ಬಿಡುಗಡೆಯಾಯಿತು.

ಈಗ ಮುಖ್ಯ ಪ್ರಶ್ನೆಗೆ ಬರೋಣ. ‘ನಮ್ಮ ಊರಿಗೂ ದೊಡ್ಡ ಜೆಟ್ ಬರಲಿ’ ಎಂದು ಸಣ್ಣ ಊರಿನವರು ಬಯಸುವುದು ಸಹಜ. ಆದರೆ ವಿಮಾನಕ್ಕೆ ಬೇಕಾದುವು ಎರಡು: ಓಡಲು ಹಾದಿ, ತುಂಬಲು ಜನ. ಮೈಸೂರಿನ ಓಡುಹಾದಿಯ ಉದ್ದ 1,740 ಮೀಟರು. ಸಮುದ್ರಮಟ್ಟದಲ್ಲಿ, ಹದವಾದ ಹವೆಯಲ್ಲಿ, ಎ.ಟಿ.ಆರ್. 72 ಪೂರ್ತಿ ಭಾರ ಹೊತ್ತು ಏರಲು 1,300 ಮೀಟರಿಗಿಂತ ತುಸು ಹೆಚ್ಚು ಸಾಕು. ಮೈಸೂರು 700 ಮೀಟರಿಗಿಂತ ಎತ್ತರದಲ್ಲಿದೆ, ಬೇಸಿಗೆಯಲ್ಲಿ ಗಾಳಿ ಇನ್ನೂ ತೆಳುವಾಗುತ್ತದೆ, ಓಟ ಉದ್ದವಾಗುತ್ತದೆ. ಆದರೂ ಇದರ ಕೆಲಸ ನಡೆಯುತ್ತದೆ. 180 ಆಸನದ ಜೆಟ್ಟಿಗೆ ಇಷ್ಟು ಹಾದಿಯಲ್ಲಿ ತುಂಬಿದ ಭಾರದೊಡನೆ ದಿನನಿತ್ಯದ ವ್ಯಾಪಾರ ನಡೆಸುವುದು ಕಷ್ಟ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ವಿಮಾನಕ್ಕೂ ಸಲ್ಲುತ್ತದೆ.

ಹಾದಿ ಉದ್ದವಾದರೆ ಸಾಕೇ? ಶಿವಮೊಗ್ಗದಲ್ಲಿ 3 ಕಿ.ಮೀ.ಗೂ ಮಿಕ್ಕ ಹಾದಿಯುಂಟು. ಆದರೂ 2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಅಲ್ಲಿಗೆ ಬಂದ ಮೊದಲ ಪ್ರಯಾಣಿಕರ ವಿಮಾನ ಎ.ಟಿ.ಆರ್. 72. ಸಣ್ಣ ಊರುಗಳಿಗೆ ವಿಮಾನ ಒದಗಿಸುವ ‘ಉಡಾನ್’ ಯೋಜನೆಯ ಮೊದಲ ವಿಮಾನ 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಹಾರಿದ್ದೂ ಅದರ ತಮ್ಮನಾದ ಎ.ಟಿ.ಆರ್. 42. ಕಾರಣ ಸ್ಪಷ್ಟ. 60 ಜನ ದೊರೆಯುವ ಊರಿಗೆ 70 ಆಸನದ ವಿಮಾನ ಬಂದರೆ ಅದು ನಾಳೆಯೂ ಬರುತ್ತದೆ. 180 ಆಸನದ್ದು ಬಂದರೆ 120 ಖಾಲಿ ಆಸನಗಳನ್ನು ಹೊತ್ತು ಹಾರಬೇಕು. ಹಾಗೆ ಎಷ್ಟು ದಿನ ಹಾರೀತು? ಜೆಟ್ ಬರಲಿಲ್ಲವೆಂಬುದು ಸಣ್ಣ ಊರಿಗೆ ಅವಮಾನವಲ್ಲ. ಬಂದ ವಿಮಾನ ನಿಂತುಹೋಗುವುದೇ ನಷ್ಟ. ಮೈಸೂರಿನಲ್ಲಿ 2010ರಲ್ಲಿ ಆರಂಭವಾದ ಸೇವೆ ಮುಂದೆ ಹಲವು ಬಾರಿ ನಿಂತು ಹಲವು ಬಾರಿ ಮೊದಲಾದದ್ದನ್ನು ಕಂಡ ನಮಗೆ ಇದನ್ನು ಹೆಚ್ಚು ಹೇಳಬೇಕಾಗಿಲ್ಲ.

ಫ್ಯಾನಿನ ವಿಮಾನಕ್ಕೆ ದೋಷವೇ ಇಲ್ಲವೆಂದು ನಾನು ಹೇಳುವುದಿಲ್ಲ. ಪ್ರೊಪೆಲರಿನ ನೇರಕ್ಕೆ ಕುಳಿತವನಿಗೆ ಸದ್ದೂ ನಡುಕವೂ ಹೆಚ್ಚು, ಹಿಂದಿನ ಸಾಲುಗಳು ಮೇಲು. ಸುಮಾರು 25,000 ಅಡಿಗಿಂತ ಮೇಲೆ ಹೋಗಲಾರದ್ದರಿಂದ ಮೋಡಗಳನ್ನು ದಾಟಿ ಹಾರುವ ಬದಲು ಅವುಗಳ ನಡುವೆಯೇ ನುಸುಳಬೇಕಾಗುತ್ತದೆ. 1994ರ ಅಕ್ಟೋಬರ್ 31ರಂದು ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ರೆಕ್ಕೆಗೆ ಹಿಮ ಕಟ್ಟಿ ಒಂದು ಎ.ಟಿ.ಆರ್. 72 ಬಿದ್ದು, ಅದರಲ್ಲಿದ್ದ 68 ಮಂದಿಯೂ ತೀರಿಕೊಂಡರು. ಆ ಬಳಿಕ ರೆಕ್ಕೆಯ ಅಂಚಿನ ಹಿಮವನ್ನು ಒಡೆದು ಕೆಡಹುವ ರಬ್ಬರು ಪಟ್ಟಿಗಳನ್ನು ಹಿಂದಕ್ಕೆ ಇನ್ನಷ್ಟು ಅಗಲಗೊಳಿಸಿದರು, ಚಾಲಕರಿಗೆ ಹೊಸ ಕಟ್ಟಳೆಗಳನ್ನು ವಿಧಿಸಿದರು.

ನಮ್ಮ ದೇಶಕ್ಕೆ ಟರ್ಬೊಪ್ರಾಪ್ ಹೊಸ ಬಂಧುವೂ ಅಲ್ಲ. ಬ್ರಿಟನ್ನಿನ ಆವ್ರೊ 748 ವಿಮಾನವನ್ನು ನಮ್ಮ ಎಚ್.ಎ.ಎಲ್. ಕಾನ್ಪುರದಲ್ಲಿ ಕಟ್ಟಿತು. ಅಲ್ಲಿ ಕಟ್ಟಿದ ಮೊದಲನೆಯದು 1961ರ ನವೆಂಬರ್ 1ರಂದು ಹಾರಿತು. ಒಟ್ಟು 89 ವಿಮಾನಗಳು ಅಲ್ಲಿ ತಯಾರಾಗಿ ವಾಯುಪಡೆಗೂ ಇಂಡಿಯನ್ ಏರ್‌ಲೈನ್ಸಿಗೂ ದುಡಿದುವು. ವಾಯುಪಡೆಯ ಆವ್ರೊಗಳ ಸ್ಥಾನಕ್ಕೆಂದು 2023ರಿಂದ ಬರತೊಡಗಿದ ಸಿ-295 ಕೂಡ ಫ್ಯಾನಿನ ವಿಮಾನವೇ. ಅರುವತ್ತು ವರ್ಷಗಳ ಬಳಿಕವೂ ಆ ಕೆಲಸಕ್ಕೆ ಅದೇ ಬಗೆಯ ಯಂತ್ರವನ್ನು ಆರಿಸಿದರೆಂದ ಮೇಲೆ ಅದನ್ನು ಹಳೆಯದೆಂದು ಹೇಗೆ ಹೇಳೋಣ?

ಅಂದು ಇಷ್ಟನ್ನೆಲ್ಲ ಹೇಳಲು ವೇಳೆಯಿರಲಿಲ್ಲ. “ಮಾವ, ಬ್ರೇಕ್ ಹಾಕಿದ್ದಾರೆ, ಅಷ್ಟೆ. ಬಾಗಿಲು ಮುಚ್ಚಿದ ಮೇಲೆ ನೋಡಿ, ತಿರುಗುತ್ತೆ” ಎಂದು ಮಾತ್ರ ಹೇಳಿದೆ. ಅವರು ಅರೆಮನಸ್ಸಿನಿಂದ ಹತ್ತಿದರು. ಬಾಗಿಲು ಮುಚ್ಚಿತು. ಕಿಟಕಿಯ ಆಚೆ ಆರು ಅಲಗುಗಳು ಒಂದೊಂದಾಗಿ ಕದಲಿ, ಬಳಿಕ ಕಣ್ಣಿಗೆ ಕಾಣದಂತಾದುವು. ಮಾವ ನನ್ನ ಕೈಯನ್ನು ಸಡಿಲಿಸಿದರು. ಎಂಟು ದಿನಗಳ ನಂತರ ಹಿಂದಿರುಗುವಾಗ ನಮ್ಮ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಗಾಬರಿಯಿಂದ ಕಿಟಕಿಯತ್ತ ಬೆರಳು ತೋರಿಸಿದರು. ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಕೊಂಡಿದ್ದ ಮಾವ ಮುಂದಕ್ಕೆ ಬಾಗಿ, “ಹೆದರಬೇಡೀಮ್ಮ, ಬ್ರೇಕ್ ಹಾಕಿರ್ತಾರೆ” ಎಂದರು.