ಮೊದಲು ದೇವರನ್ನು ಕರೆ, ಆಮೇಲೆ ಹೋರಾಡು

ಪಾಪವನ್ನು ಗೆಲ್ಲುವುದೆಂದರೆ ಹಲ್ಲು ಕಚ್ಚಿ ತಡೆದುಕೊಳ್ಳುವುದು ಎಂದೇ ಬಹಳ ಮಂದಿ ನಂಬಿದ್ದಾರೆ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿ ಬಾಳಿದ ಕ್ರೈಸ್ತ ಸನ್ಯಾಸಿಗಳು ಉಪವಾಸ, ಜಾಗರಣೆ, ದುಡಿಮೆ ಯಾವುದರಲ್ಲೂ ಕಡಿಮೆಯವರಲ್ಲ. ಆದರೂ ಅವುಗಳ ಬಲದಿಂದಲೇ ಗೆಲ್ಲಬಹುದು ಎಂದು ಅವರು ಕಲಿಸಲಿಲ್ಲ.

ಅವರಲ್ಲಿ ಮನಸ್ಸಿನ ಒಳಗುಟ್ಟನ್ನು ಬಹಳ ಸೂಕ್ಷ್ಮವಾಗಿ ಬರೆದಿಟ್ಟವರು ಎವಾಗ್ರಿಯಸ್. ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರು ಮಾಡಿದ್ದ ಡೀಕನ್. ವಿವಾಹಿತೆಯೊಬ್ಬರ ಮೇಲಿನ ಮೋಹದಿಂದ ಬಿಡಿಸಿಕೊಳ್ಳಲು ಊರನ್ನೇ ಬಿಟ್ಟು, ಜೆರುಸಲೇಮಿನ ಮೂಲಕ ಈಜಿಪ್ಟಿಗೆ ಬಂದರು. 399ರಲ್ಲಿ ತೀರಿಕೊಳ್ಳುವ ತನಕ ಕೆಲ್ಲಿಯಾ ಎಂಬಲ್ಲಿ ಗ್ರಂಥಗಳನ್ನು ನಕಲು ಮಾಡಿ ಬದುಕಿದರು.

ಕೆಟ್ಟ ಯೋಚನೆ ಬಾರದಂತೆ ಮಾಡುವುದು ನಮ್ಮ ಕೈಯಲ್ಲಿಲ್ಲ, ಅದು ಒಳಗೆ ಉಳಿದು ಬೇರುಬಿಡದಂತೆ ಮಾಡುವುದು ನಮ್ಮ ಕೈಯಲ್ಲಿದೆ ಎಂಬುದು ಅವರ ಮುಖ್ಯ ಮಾತು. ಅಂಗಳಕ್ಕೆ ಬಂದವನಿಗೆಲ್ಲ ಮಣೆ ಹಾಕಬೇಕೆಂದಿಲ್ಲವಲ್ಲ. ಮುಂದೆ ಸಿನಾಯ್ ಬೆಟ್ಟದ ಯೋವಾನ್ ಕ್ಲಿಮಾಕಸ್ ಇದನ್ನೇ ಬಿಡಿಸಿ ಹೇಳಿದರು: ಯೋಚನೆ ಬರುತ್ತದೆ, ಅದರೊಡನೆ ಮಾತುಕತೆ ಶುರುವಾಗುತ್ತದೆ, ಮನಸ್ಸು ಒಪ್ಪುತ್ತದೆ, ಆಮೇಲೆ ಸೆರೆಯಾಗುತ್ತದೆ. ಬರೀ ಬಂದುಹೋದ ಯೋಚನೆ ಪಾಪವಲ್ಲ. ಶೋಧನೆ ಬಂದದ್ದಕ್ಕೇ ತಾನು ಕೆಟ್ಟೆನೆಂದು ಕೊರಗುವ ಎಷ್ಟೋ ವಿಶ್ವಾಸಿಗಳಿಗೆ ಈ ತಿಳಿವಳಿಕೆ ಬೇಗ ಸಿಗಬೇಕಿತ್ತು ಎಂದು ನನಗನ್ನಿಸುತ್ತದೆ.

ಎವಾಗ್ರಿಯಸ್ ಎಂಟು ಬಗೆಯ ಯೋಚನೆಗಳನ್ನು ಗುರುತಿಸಿದರು: ಹೊಟ್ಟೆಬಾಕತನ, ಕಾಮ, ಹಣದಾಸೆ, ದುಃಖ, ಕೋಪ, ಬೇಸರ, ಹೊಗಳಿಕೆಯ ಹಂಬಲ, ಗರ್ವ. ಬೇಸರದ ವರ್ಣನೆಯಂತೂ ಇವತ್ತಿಗೂ ಚುಚ್ಚುತ್ತದೆ. ನಡುಹಗಲಲ್ಲಿ ಸೂರ್ಯ ಕದಲುವುದೇ ಇಲ್ಲವೆನಿಸುತ್ತದೆ, ಕಣ್ಣು ಮತ್ತೆ ಮತ್ತೆ ಕಿಟಕಿಗೆ ಹೋಗುತ್ತದೆ, ಇರುವ ಜಾಗವೂ ಮಾಡುವ ಕೆಲಸವೂ ಬೇಡವಾಗುತ್ತದೆ. ಮದ್ದಾಗಿ ಅವರು ಎಂಟು ಭಾಗಗಳ ಪುಸ್ತಕವನ್ನೇ ಬರೆದು, ಒಂದೊಂದು ಯೋಚನೆಗೂ ಎದುರು ಹೇಳಬೇಕಾದ ಬೈಬಲ್ ವಚನಗಳನ್ನು ಜೋಡಿಸಿದರು. ಅರಣ್ಯದಲ್ಲಿ ಸೈತಾನನಿಗೆ ಯೇಸು ಶಾಸ್ತ್ರವಚನದಿಂದಲೇ ಉತ್ತರ ಕೊಟ್ಟದ್ದು ಇದಕ್ಕೆ ಮಾದರಿ.

ಅಷ್ಟೊಂದು ವಚನಗಳು ಆ ಕ್ಷಣಕ್ಕೆ ನೆನಪಾಗಬೇಕಲ್ಲ? ಈ ಸಂಪ್ರದಾಯವನ್ನು ಪಶ್ಚಿಮಕ್ಕೆ ಒಯ್ದ ಜಾನ್ ಕ್ಯಾಸಿಯನ್ ತಮ್ಮ ಹತ್ತನೆಯ ‘ಸಂವಾದ’ದಲ್ಲಿ ಐಸಾಕ್ ಎಂಬ ಹಿರಿಯರ ಸುಲಭ ದಾರಿಯನ್ನು ಕೊಡುತ್ತಾರೆ. ತಡಮಾಡದೆ ನೆರವಿಗೆ ಬಾ ಎಂದು ದೇವರನ್ನು ಕರೆಯುವ 70ನೇ ಕೀರ್ತನೆಯ ಮೊದಲ ವಚನ ಒಂದೇ ಸಾಕು. ತಿನ್ನುವ ಚಪಲ ಎದ್ದಾಗ, ನಿದ್ದೆ ಬಾರದಾಗ, ಸಿಟ್ಟು ನೆತ್ತಿಗೇರುವಾಗ, ಕಾಮ ಕಾಡುವಾಗ ಅದನ್ನೇ ಹೇಳಬೇಕು. ಸೋತ ಮೇಲಲ್ಲ, ಯೋಚನೆ ತಲೆಯೆತ್ತಿದ ಕೂಡಲೇ. ಸಂತ ಬೆನೆಡಿಕ್ಟರು ಇದನ್ನು ಮಠದ ಪ್ರಾರ್ಥನೆಗೆ ತಂದರು. ಕಥೋಲಿಕ ಮಠಗಳ ದಿನದ ಪ್ರಾರ್ಥನೆ ಈಗಲೂ ಈ ಕರೆಯಿಂದ ಶುರುವಾಗುತ್ತದೆ. ಕರೆಯಬೇಕು ಎನ್ನಿಸುವುದು ಕೂಡ ಕೃಪೆಯೇ ಎಂದು 529ರಲ್ಲಿ ಆರಾಂಜ್‌ನಲ್ಲಿ ಸೇರಿದ ಬಿಷಪರ ಸಭೆ ಸ್ಪಷ್ಟಪಡಿಸಿತು.

ಇನ್ನೊಂದು ಸಾಧನ, ಕಾಡುವ ಯೋಚನೆಯನ್ನು ಅನುಭವಿ ಹಿರಿಯರ ಮುಂದೆ ಬಾಯಿಬಿಟ್ಟು ಹೇಳುವುದು. ಆದರೆ ಕೇಳುವವರೂ ತಕ್ಕವರಾಗಿರಬೇಕು. ಕ್ಯಾಸಿಯನ್ ಹೇಳುವ ಒಂದು ಪ್ರಸಂಗದಲ್ಲಿ, ಕಾಮದ ಕಾಟವನ್ನು ತೋಡಿಕೊಂಡ ಯುವ ಸನ್ಯಾಸಿಯನ್ನು ವೃದ್ಧರೊಬ್ಬರು ನೀನು ಸನ್ಯಾಸಕ್ಕೇ ಯೋಗ್ಯನಲ್ಲ ಎಂದು ಜರೆದುಬಿಡುತ್ತಾರೆ. ಅವನು ಎದೆಯೊಡೆದು ಸಂಸಾರಕ್ಕೆ ಮರಳಲು ಹೊರಡುತ್ತಾನೆ. ದಾರಿಯಲ್ಲಿ ಸಿಕ್ಕ ಅಬ್ಬಾ ಅಪೊಲೊ, ಈ ವಯಸ್ಸಿನಲ್ಲೂ ನನಗೆ ಅದೇ ಕಾಟವಿದೆ ಎಂದು ಅವನನ್ನು ಸಂತೈಸಿ ಹಿಂದೆ ಕಳಿಸುತ್ತಾರೆ. ಆಮೇಲೆ ಅದೇ ಶೋಧನೆ ಆ ವೃದ್ಧರಿಗೂ ಬರಲಿ ಎಂದು ಪ್ರಾರ್ಥಿಸುತ್ತಾರೆ. ವೃದ್ಧರು ಹುಚ್ಚು ಹಿಡಿದವರಂತೆ ಕೋಣೆಯಿಂದ ಹೊರಗೋಡುತ್ತಾರೆ. ಈ ಬೆಂಕಿಯನ್ನು ದೇವರ ಕೃಪೆಯಿಲ್ಲದೆ ಯಾರೂ ಆರಿಸಲಾರರು, ಬಿದ್ದವರ ನೋವು ನಿಮಗೆ ತಿಳಿಯಲೆಂದೇ ಇದು ಬಂತು ಎಂದು ಅಪೊಲೊ ಅವರಿಗೆ ಹೇಳುತ್ತಾರೆ.

ಐಸಾಕರ ಉಪದೇಶದಲ್ಲಿ ನನಗೆ ಬಹಳ ಮುಖ್ಯವೆನಿಸುವ ಭಾಗ ಬೇರೊಂದಿದೆ. ಮನಸ್ಸು ತಿಳಿಯಾಗಿ, ಪ್ರಾರ್ಥನೆ ಸರಾಗವಾಗಿ ನಡೆದ ದಿನವೂ ಅದೇ ವಚನ ಹೇಳಬೇಕಂತೆ. ಎವಾಗ್ರಿಯಸ್ ಪಟ್ಟಿಯ ಕೊನೆಯ ಶತ್ರುವಾದ ಗರ್ವ ಬರುವುದು ಬೇರೆ ಶತ್ರುಗಳು ಸೋತು ಹಿಂದೆ ಸರಿದಾಗಲೇ.